ಕುಡುಗೋಲು ಮತ್ತು ಸುತ್ತಿಗೆ: ಒಂದು ಪತ್ರಕ್ಕೆ ಉತ್ತರ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಮಿಂಚಂಚೆ ಬಂದಿತು. ಪ್ರೌಢಶಾಲೆಯಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಕಲಿತವನು ಆತ. ಈಗ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಬರ್ಲಿನ್ ನಗರಕ್ಕೆ ಪ್ರವಾಸ ಹೋಗಿದ್ದಾಗ ಬೀದಿ ಬದಿಯ ಅಂಗಡಿಯಲ್ಲಿ ಒಂದು ಸೈನಿಕ ಟೋಪಿಯನ್ನು ಕೊಂಡನಂತೆ. ಕಿವಿಯನ್ನೂ ಮುಚ್ಚುವ ತುಪ್ಪಳದ ಟೋಪಿ. ಹಣೆಯ ಭಾಗದಲ್ಲಿ ಕೆಂಪು ನಕ್ಷತ್ರ, ನಕ್ಷತ್ರದ ನಡುವೆ ಕುಡುಗೋಲು ಮತ್ತು ಸುತ್ತಿಗೆ. ಚಳಿಗಾಲದ ಒಂದು ಬೆಳಿಗ್ಗೆ ಅದನ್ನು ಧರಿಸಿಕೊಂಡೇ ಕಚೇರಿಗೆ ಹೋದನು. ಲಿಥುವೇನಿಯಾ ದೇಶದ ಸಹೋದ್ಯೋಗಿಯೊಬ್ಬರು ಅವನನ್ನು ಕಂಡೊಡನೆ ಮುಖ ತಿರುಗಿಸಿ ಎದ್ದು ಹೋದರು. ಸಂಜೆ ಅವರೇ ಬಂದು ಕಾರಣವನ್ನು ತಿಳಿಸಿದರಂತೆ. ಅವರ ಅಜ್ಜಿ ಆರು ವರ್ಷದ ಬಾಲಕಿಯಾಗಿದ್ದಾಗ, 1941ರಲ್ಲಿ, ತಾಯಿಯೊಡನೆ ಆಕೆಯನ್ನು ಸರಕು ಸಾಗಿಸುವ ರೈಲುಡಬ್ಬಿಗೆ ತುಂಬಿ ಸೈಬೀರಿಯಾಕ್ಕೆ ಒಯ್ದರು. ಒಯ್ಯಲು ಬಂದವರ ಟೋಪಿಯ ಮೇಲೆ ಇದ್ದದ್ದು ಇದೇ ಗುರುತು.

ಪತ್ರದ ಕೊನೆಯಲ್ಲಿ ಆತ ಹೀಗೆ ಬರೆದಿದ್ದ: "ಸರ್, ನೀವು ಪಾಠ ಮಾಡುವಾಗ ಇದು ದುಡಿಯುವವರ ಗುರುತು ಎಂದು ಹೇಳಿದ್ದಿರಿ. ಕಪ್ಪುಹಲಗೆಯ ಮೇಲೆ ಬಹಳ ಚೆನ್ನಾಗಿ ಬರೆದೂ ತೋರಿಸಿದ್ದಿರಿ. ಅದನ್ನು ನೋಡಿದರೆ ಒಬ್ಬ ಹೆಣ್ಣುಮಗಳು ಎದ್ದು ಹೋಗಬಹುದು ಎಂದು ಮಾತ್ರ ಹೇಳಿರಲಿಲ್ಲ."

ಹೌದು, ಹೇಳಿರಲಿಲ್ಲ. ಪತ್ರವನ್ನು ಓದಿದ ಮೇಲೆ ಎರಡು ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವನೊಬ್ಬನಿಗೆ ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಆ ಪಾಠವನ್ನು ನಾನು ಒಬ್ಬನಿಗೆ ಮಾಡಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ, ಎಷ್ಟೋ ತರಗತಿಗಳಿಗೆ ಮಾಡಿದ್ದೆ. ಆದ್ದರಿಂದ ಉತ್ತರವನ್ನು ಎಲ್ಲರೂ ಓದುವ ಈ ಪುಟದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಆ ಎರಡು ವಸ್ತುಗಳ ಮಾತು. ನಾನು ಹುಟ್ಟಿ ಬೆಳೆದ ಊರಿನಲ್ಲಿ ಕುಡುಗೋಲು ಮತ್ತು ಸುತ್ತಿಗೆ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಕೆರೆಯ ಏರಿಯ ಕೆಳಗೆ, ಹೊಂಗೆಮರದ ನೆರಳಿನಲ್ಲಿ ಕಮ್ಮಾರರ ಕುಲುಮೆ ಇತ್ತು. ಸುಗ್ಗಿಗೆ ಇನ್ನೂ ಹದಿನೈದು ದಿನವಿರುವಾಗಲೇ ಊರಿನ ಕುಡುಗೋಲುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ತಿದಿ ಒತ್ತುವ ನೆಪದಲ್ಲಿ ನಾವು ಹುಡುಗರು ಅಲ್ಲಿಯೇ ಕುಳಿತಿರುತ್ತಿದ್ದೆವು. ಸವೆದ ಅಲಗನ್ನು ಕೆಂಡದಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ಹದ ನೋಡಿ ನೀರಿಗೆ ಅದ್ದಿ, ಆಮೇಲೆ ಒಂದೊಂದೇ ಹಲ್ಲಿಗೆ ಕಕ್ಕು ಹಾಕುವುದನ್ನು ಎಷ್ಟು ನೋಡಿದರೂ ಬೇಸರವಾಗುತ್ತಿರಲಿಲ್ಲ. ಕಮ್ಮಾರರು ಅದಕ್ಕೆ ಹಣ ಕೇಳುತ್ತಿರಲಿಲ್ಲ. ಕೊಯಿಲು ಮುಗಿದು ಕಣದಲ್ಲಿ ರಾಶಿ ಬಿದ್ದ ದಿನ ಅವರ ಪಾಲಿನ ಆಯವನ್ನು ಅಳೆದುಕೊಡುವುದು ಪದ್ಧತಿ. ಸುತ್ತಿಗೆಯಿಲ್ಲದೆ ಕುಡುಗೋಲಿಲ್ಲ, ಕುಡುಗೋಲಿಲ್ಲದೆ ಸುತ್ತಿಗೆ ಹಿಡಿದವನಿಗೆ ಅನ್ನವಿಲ್ಲ. ಇದನ್ನು ನಮಗೆ ಯಾವ ಗ್ರಂಥವೂ ಹೇಳಿಕೊಡಬೇಕಾಗಿರಲಿಲ್ಲ. ಆ ಏರ್ಪಾಡಿನಲ್ಲಿ ನ್ಯಾಯವೇ ತುಂಬಿತ್ತೆಂದು ಹೇಳಲಾರೆ. ಕಮ್ಮಾರರಿಗೆ ಅಳೆಯುವಾಗ ಕೊಳಗದ ಮೇಲೆ ಗೋಪುರ ಕಟ್ಟುವ ಬದಲು ಕೈಯಿಂದ ಸವರಿ ಮಟ್ಟ ಮಾಡುತ್ತಿದ್ದವರೂ ನಮ್ಮ ಮನೆತನಗಳಲ್ಲಿಯೇ ಇದ್ದರು.

ಆಯುಧಪೂಜೆಯ ದಿನ ಮಾತ್ರ ಎರಡೂ ಕೆಲಸ ಬಿಟ್ಟು ಗೋಡೆಗೆ ಒರಗಿ ಕುಂಕುಮ ಹೂವು ಮುಡಿದು ಕುಳಿತಿರುತ್ತಿದ್ದವು. ಮರುದಿನ ಮತ್ತೆ ಕೆಲಸಕ್ಕೆ.

ಇಂಥ ಊರಿನಿಂದ ಪಟ್ಟಣದ ಪ್ರೌಢಶಾಲೆಗೆ ಬಂದಾಗ ನಾನು ಈ ಎರಡನ್ನೂ ಕಾಗದದ ಮೇಲೆ ಮೊದಲ ಬಾರಿಗೆ ಕಂಡೆ. ನನ್ನ ವಯಸ್ಸಿನ ಬಂಧುಗಳಿಗೆ ನೆನಪಿರಬಹುದು, ಅರವತ್ತರ ದಶಕದಲ್ಲಿ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆಗಳೆಂದರೆ ಪಠ್ಯಪುಸ್ತಕಗಳಿಗೆ ರಟ್ಟು ಹೊದಿಸಲು ಸಿಗುತ್ತಿದ್ದ ಅತ್ಯುತ್ತಮ ಕಾಗದ. ನುಣುಪಾದ, ಬಣ್ಣದ, ಬೇಗ ಹರಿಯದ ಹಾಳೆಗಳು. ನನ್ನ ಗಣಿತದ ಪುಸ್ತಕದ ಮೇಲೆ ಒಂದು ವರ್ಷವಿಡೀ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ ಮುಂದಕ್ಕೆ ಹೆಜ್ಜೆಯಿಟ್ಟು ಕೈಗಳನ್ನು ಮೇಲೆತ್ತಿ ನಿಂತಿದ್ದರು. ಅವನ ಕೈಯಲ್ಲಿ ಸುತ್ತಿಗೆ, ಅವಳ ಕೈಯಲ್ಲಿ ಕುಡುಗೋಲು. ಅದು ವೆರಾ ಮುಖಿನಾ ಎಂಬ ಶಿಲ್ಪಿ 1937ರ ಪ್ಯಾರಿಸ್ ಪ್ರದರ್ಶನಕ್ಕಾಗಿ ತುಕ್ಕು ಹಿಡಿಯದ ಉಕ್ಕಿನಲ್ಲಿ ರಚಿಸಿದ ಪ್ರತಿಮೆಯೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ನನಗೆ ಅನ್ನಿಸಿದ್ದು ಒಂದೇ: ನಮ್ಮ ಊರಿನ ಕುಲುಮೆಯ ವಸ್ತುಗಳನ್ನು ಇಷ್ಟು ಎತ್ತರಕ್ಕೆ ಎತ್ತಿ ಹಿಡಿದ ಒಂದು ದೇಶ ಭೂಮಿಯ ಮೇಲೆ ಇದೆ. ರಾಜರ ಲಾಂಛನಗಳಲ್ಲಿ ಸಿಂಹ, ಗರುಡ, ಖಡ್ಗ, ಕಿರೀಟಗಳನ್ನು ಕಂಡಿದ್ದೆವು. ಕೂಲಿಯವಳ ಕೈಯ ಕುಡುಗೋಲನ್ನು ಕಂಡಿರಲಿಲ್ಲ. ಮುಂದೆ ಗೋರ್ಕಿಯ 'ತಾಯಿ'ಯನ್ನು ಕನ್ನಡದಲ್ಲಿ ಓದಿದಾಗ ಆ ಪ್ರೀತಿ ಇನ್ನಷ್ಟು ಗಟ್ಟಿಯಾಯಿತು. ನಾನು ಯಾವ ಪಕ್ಷದ ಸದಸ್ಯನೂ ಆಗಲಿಲ್ಲ. ಆದರೂ ಶಿಕ್ಷಕರ ಕೊಠಡಿಯಲ್ಲಿ "ಮೇಷ್ಟ್ರು ಸ್ವಲ್ಪ ಕೆಂಪು" ಎಂಬ ಮಾತು ಇತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ಲಾಂಛನ ಹುಟ್ಟಿದ್ದು 1918ರಲ್ಲಿ. ಕ್ರಾಂತಿಯಾಗಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಮಾಸ್ಕೋದ ಜಮಸ್ಕ್ವರೆಚ್ಯೆ ಎಂಬ ಭಾಗದಲ್ಲಿ ಮೇ ದಿನದ ಅಲಂಕಾರಕ್ಕೆಂದು ಯೆವ್ಗೆನಿ ಕಮ್ಜೋಲ್ಕಿನ್ ಎಂಬ ಚಿತ್ರಕಾರ ಈ ಎರಡು ಉಪಕರಣಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಇರಿಸಿ ಬರೆದನು. ಸುತ್ತಿಗೆ ನಗರದ ಕಾರ್ಮಿಕನಿಗೆ, ಕುಡುಗೋಲು ಹಳ್ಳಿಯ ರೈತನಿಗೆ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅಂಗೀಕಾರವಾದ ರಷ್ಯಾದ ಸೋವಿಯತ್ ಸಂವಿಧಾನದಲ್ಲಿ ಇದು ರಾಜ್ಯಲಾಂಛನದ ಭಾಗವಾಯಿತು. ಮೊದಲ ದಿನಗಳಲ್ಲಿ ಇದೊಂದೇ ಗುರುತು ಇರಲಿಲ್ಲ. ಕೆಂಪು ಸೇನೆಯ ನಕ್ಷತ್ರದ ನಡುವೆ ಮೊದಲು ಇದ್ದದ್ದು ಸುತ್ತಿಗೆ ಮತ್ತು ನೇಗಿಲು. ಕೆಲವು ವರ್ಷಗಳ ಮೇಲೆ ನೇಗಿಲಿನ ಸ್ಥಾನಕ್ಕೆ ಕುಡುಗೋಲು ಬಂದಿತು.

ಈ ಸಂದರ್ಭದ ಒಂದು ಪ್ರಸಂಗವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ರಾಜ್ಯಮುದ್ರೆಯ ಮೊದಲ ಕರಡಿನಲ್ಲಿ ಕುಡುಗೋಲು ಸುತ್ತಿಗೆಗಳ ಜೊತೆಗೆ ಒಂದು ಖಡ್ಗವೂ ಇತ್ತು. ಲೆನಿನ್ ಅದನ್ನು ನೋಡಿ ಖಡ್ಗ ನಮ್ಮ ಗುರುತಲ್ಲವೆಂದು ತೆಗೆಸಿದರೆಂದು ಅವರ ಸಹಾಯಕರಾಗಿದ್ದ ಬಾಂಚ್-ಬ್ರೂಯೆವಿಚ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮಕ್ಕಳಿಗೆ ಈ ಕಥೆ ಬಹಳ ಹಿಡಿಸುತ್ತಿತ್ತು. ನನಗೂ ಹಿಡಿಸುತ್ತಿತ್ತು. ಚಿತ್ರದಿಂದ ಹೊರಗೆ ಹೋದ ಖಡ್ಗ ರಾಜ್ಯದಿಂದ ಹೊರಗೆ ಹೋಯಿತೇ ಎಂಬ ಪ್ರಶ್ನೆಯನ್ನು ಯಾವ ಮಗುವೂ ಕೇಳಲಿಲ್ಲ. ಕೇಳಬಹುದಾದ ಹಾಗೆ ನಾನು ಪಾಠ ಮಾಡಲಿಲ್ಲ.

ಬೇರೆ ಬೇರೆ ದೇಶಗಳಲ್ಲಿ ಈ ಗುರುತು ತಾಳಿದ ರೂಪಗಳೂ ಸ್ವಾರಸ್ಯವಾಗಿವೆ. ಪೂರ್ವ ಜರ್ಮನಿಯವರು ಕುಡುಗೋಲನ್ನು ಬಿಟ್ಟು ಸುತ್ತಿಗೆಯೊಡನೆ ಕೈವಾರವನ್ನು ಇಟ್ಟರು, ಸುತ್ತಲೂ ಧಾನ್ಯದ ತೆನೆಗಳ ಹಾರ. ಕೈವಾರ ಎಂಜಿನಿಯರುಗಳ, ವಿದ್ಯಾವಂತರ ಸಂಕೇತ. ಉತ್ತರ ಕೊರಿಯದ ಆಳುವ ಪಕ್ಷ ಕುಡುಗೋಲು ಸುತ್ತಿಗೆಗಳ ನಡುವೆ ಬರೆಯುವ ಕುಂಚವನ್ನು ನಿಲ್ಲಿಸಿತು. "ನಮ್ಮಂಥ ಮೇಷ್ಟರುಗಳಿಗೂ ಒಂದು ಸ್ಥಳ ಸಿಕ್ಕಿತಲ್ಲ" ಎಂದು ನಾನು ನಗೆಯಾಡುತ್ತಿದ್ದೆ. ಆದರೆ ಆ ದೇಶದಲ್ಲಿ ಕುಂಚ ಹಿಡಿದವನು ತನ್ನ ಮನಸ್ಸಿಗೆ ತೋಚಿದ್ದನ್ನು ಬರೆಯಲು ಸಾಧ್ಯವಿಲ್ಲವೆಂಬುದನ್ನು ಆಮೇಲೆ ತಿಳಿದಾಗ ಆ ನಗೆ ಉಳಿಯಲಿಲ್ಲ. ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ಆಸ್ಟ್ರಿಯಾ. ಆ ದೇಶದ ಲಾಂಛನದಲ್ಲಿರುವ ಹದ್ದು 1919ರಿಂದಲೂ ಒಂದು ಕಾಲಿನಲ್ಲಿ ಕುಡುಗೋಲನ್ನೂ ಇನ್ನೊಂದರಲ್ಲಿ ಸುತ್ತಿಗೆಯನ್ನೂ ಹಿಡಿದಿದೆ, ತಲೆಯ ಮೇಲೆ ಕೋಟೆಗೋಡೆಯ ಆಕಾರದ ಕಿರೀಟ. ರೈತರು, ಕಾರ್ಮಿಕರು, ನಾಗರಿಕರು ಎಂಬುದು ಅದರ ಅರ್ಥ. ಕಮ್ಯುನಿಸಂಗೂ ಅದಕ್ಕೂ ಸಂಬಂಧವಿಲ್ಲ. ನಾಜಿಗಳ ಆಡಳಿತ ಮುಗಿದ ಮೇಲೆ, 1945ರಲ್ಲಿ, ಆ ಹದ್ದಿನ ಕಾಲುಗಳಿಗೆ ತುಂಡಾದ ಸರಪಳಿಯನ್ನು ಸೇರಿಸಿದರು. ಉಪಕರಣಗಳು ಅವೇ, ಹಿಡಿದ ಕಾಲು ಬೇರೆ.

ನಮ್ಮ ದೇಶದಲ್ಲಿ ಈ ಗುರುತಿಗೆ ಇನ್ನೊಂದು ಜನ್ಮ ದೊರೆಯಿತು. 1951ರ ಜನಗಣತಿಯ ಪ್ರಕಾರ ಓದುಬರಹ ಬಲ್ಲವರು ಶೇಕಡ 18ರಷ್ಟು ಮಾತ್ರ. ಹೆಸರು ಓದಲಾರದವರೂ ಮತ ಹಾಕಬೇಕೆಂದರೆ ಪ್ರತಿಯೊಂದು ಪಕ್ಷಕ್ಕೂ ಚಿತ್ರವೊಂದು ಬೇಕಾಯಿತು. ಸುಕುಮಾರ್ ಸೇನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿ ನಡೆಸಿದ 1951-52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಚಿತ್ರ. ಕಾಂಗ್ರೆಸ್ಸಿಗೆ ಜೋಡೆತ್ತು, ಜನಸಂಘಕ್ಕೆ ದೀಪ, ಸಮಾಜವಾದಿಗಳಿಗೆ ಮರ. ಕಮ್ಯುನಿಸ್ಟ್ ಪಕ್ಷಕ್ಕೆ ದೊರೆತದ್ದು ತೆನೆ ಮತ್ತು ಕುಡುಗೋಲು. ಧ್ವಜದ ಮೇಲೆ ಕುಡುಗೋಲು ಸುತ್ತಿಗೆ, ಮತಪೆಟ್ಟಿಗೆಯ ಮೇಲೆ ತೆನೆ ಕುಡುಗೋಲು. ಹೀಗೆ ಆ ಪಕ್ಷಕ್ಕೆ ಎರಡು ಗುರುತುಗಳಾದವು. 1957ರಲ್ಲಿ ಕೇರಳದ ಮತದಾರರು ನಂಬೂದಿರಿಪಾಡರ ಸರಕಾರವನ್ನು ಆರಿಸಿದ್ದೂ ತೆನೆ ಕುಡುಗೋಲಿನ ಗುರುತಿಗೆ ಮತ ಹಾಕಿಯೇ. 1964ರಲ್ಲಿ ಪಕ್ಷ ಒಡೆದ ಮೇಲೆ ಹೊಸ ಮಾರ್ಕ್ಸ್‌ವಾದಿ ಪಕ್ಷಕ್ಕೆ ಕುಡುಗೋಲು, ಸುತ್ತಿಗೆ, ನಕ್ಷತ್ರ ಬಂದವು. ಹಳೆಯ ಪಕ್ಷ ತೆನೆ ಕುಡುಗೋಲನ್ನು ಉಳಿಸಿಕೊಂಡಿತು. ಕ್ರಾಂತಿಯಲ್ಲಿ ಹುಟ್ಟಿದ ಚಿಹ್ನೆ ಇಲ್ಲಿ ಎತ್ತು, ದೀಪ, ಗುಡಿಸಲುಗಳ ನಡುವೆ ಮತಪತ್ರದ ಒಂದು ಚೌಕದಲ್ಲಿ ಕುಳಿತು, ಸೋತಾಗ ಸುಮ್ಮನೆ ಮನೆಗೆ ಹೋಗುವುದನ್ನು ಕಲಿಯಿತು. ಇದು ಸಣ್ಣ ಸಂಗತಿಯಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ನಾನು ಮನೆಯಲ್ಲಿಯೂ ಪೂರ್ತಿಯಾಗಿ ಹೇಳಿಲ್ಲ.

1983ರ ಜನವರಿ 5ರಂದು ನಮ್ಮ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆಯಿತು. ನಾನು ಒಂದು ಹಳ್ಳಿಯ ಮತಗಟ್ಟೆಗೆ ಅಧ್ಯಕ್ಷಾಧಿಕಾರಿಯಾಗಿ ನೇಮಕಗೊಂಡಿದ್ದೆ. ಪ್ರಾಥಮಿಕ ಶಾಲೆಯ ಒಂದು ಕೊಠಡಿ, ಹೊರಗೆ ಜಗಲಿ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಇನ್ನೂ ಕೊಯಿಲು ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಲಿ ಹೆಂಗಸರು ಊಟದ ಬಿಡುವಿನಲ್ಲಿ ಮತ ಹಾಕಲು ಬಂದರು. ಅವರಲ್ಲಿ ಅರವತ್ತರ ಆಸುಪಾಸಿನ ಒಬ್ಬ ಮುದುಕಿಯ ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿತ್ತು. ಒಳಗೆ ಕುಳಿತಿದ್ದ ಏಜೆಂಟರಲ್ಲಿ ಒಬ್ಬನು ಎದ್ದು ನಿಂತ. "ಸ್ವಾಮಿ, ಚುನಾವಣಾ ಚಿಹ್ನೆ ಮತಗಟ್ಟೆಯ ಒಳಗೆ ಬರುತ್ತಾ ಇದೆ. ನೂರು ಮೀಟರ್ ಒಳಗೆ ಚಿಹ್ನೆ ತೋರಿಸುವ ಹಾಗಿಲ್ಲ" ಎಂದ. ಆ ಕ್ಷೇತ್ರದಲ್ಲಿ ತೆನೆ ಕುಡುಗೋಲಿನ ಗುರುತಿನ ಅಭ್ಯರ್ಥಿಯೊಬ್ಬರು ನಿಂತಿದ್ದದ್ದು ನಿಜ. ಅವರ ಏಜೆಂಟ ಕೂಡಲೇ, "ಹಾಗಾದರೆ ಬಂದವರೆಲ್ಲ ಕೈಯನ್ನೂ ಹೊರಗೆ ಬಿಟ್ಟು ಬರಲಿ ಸ್ವಾಮಿ" ಎಂದು ಉತ್ತರ ಕೊಟ್ಟ. ಕಾಂಗ್ರೆಸ್ಸಿನ ಗುರುತು ಕೈ ತಾನೆ? ಕೊಠಡಿಯಲ್ಲಿದ್ದವರೆಲ್ಲ ನಕ್ಕರು, ಪೊಲೀಸಿನವನೂ ನಕ್ಕ.

ನಾನು ನಗಲಿಲ್ಲ. ನಕ್ಕು ಮುದುಕಿಯನ್ನು ಒಳಗೆ ಬಿಡುವ ಅಧಿಕಾರ ನನಗಿತ್ತು. ಕುಡುಗೋಲು ಅವಳ ಉಪಕರಣ, ಪ್ರಚಾರದ ಸಾಮಗ್ರಿಯಲ್ಲ ಎಂಬುದು ಎಂಥವನಿಗಾದರೂ ತಿಳಿಯುವ ಮಾತು. ಹರಿತವಾದ ವಸ್ತು ಎಂಬ ಕಾರಣವನ್ನು ಯಾರೂ ಎತ್ತಿರಲಿಲ್ಲ. ಆದರೆ "ಮೇಷ್ಟ್ರು ಸ್ವಲ್ಪ ಕೆಂಪು" ಎಂಬ ಮಾತು ನನ್ನ ಕಿವಿಯಲ್ಲಿತ್ತು. ಆಕ್ಷೇಪಣೆ ಮೇಲಕ್ಕೆ ಹೋದರೆ, ಕುಡುಗೋಲಿನವರಿಗೆ ಒತ್ತಾಸೆಯಾಗಿ ನಿಂತನೆಂದು ಯಾರಾದರೂ ಅರ್ಜಿ ಬರೆದರೆ ಗತಿಯೇನು ಎಂದು ಹೆದರಿದೆ. ನಿಷ್ಪಕ್ಷಪಾತದ ಮುಖ ಮಾಡಿಕೊಂಡು, "ಅಜ್ಜೀ, ಅದನ್ನು ಹೊರಗೆ ಜಗಲಿಯ ಮೇಲೆ ಇಟ್ಟು ಬನ್ನಿ. ಅದು ಚಿಹ್ನೆ" ಎಂದೆ.

"ಚಿಹ್ನೆ ಅಂದ್ರೆ ಏನಪ್ಪಾ? ಇದು ನನ್ನ ಕುಡ್ಲು" ಎಂದಳು ಆಕೆ. ಆದರೂ ಮೇಷ್ಟ್ರ ಮಾತು ಮೀರಬಾರದೆಂದು ಹೊರಗೆ ಇಟ್ಟು ಬಂದಳು. ಬೆರಳಿಗೆ ಮಸಿ ಹಾಕಿಸಿಕೊಂಡು, ಮತಪತ್ರಕ್ಕೆ ಮೊಹರು ಒತ್ತಿ, ಮಡಿಸಿ ಪೆಟ್ಟಿಗೆಗೆ ಹಾಕಿದಳು. ಹೊರಗೆ ಹೋಗಿ ನೋಡಿದರೆ ಜಗಲಿಯ ಮೇಲೆ ಕುಡುಗೋಲು ಇರಲಿಲ್ಲ. ಸಾಲಿನಲ್ಲಿದ್ದವರನ್ನೆಲ್ಲ ಕೇಳಿದ್ದಾಯಿತು, ಸಿಕ್ಕಲಿಲ್ಲ. ಕುಡುಗೋಲಿಲ್ಲದೆ ಗದ್ದೆಗೆ ಹೋದರೆ ಅರ್ಧ ದಿನದ ಕೂಲಿ ಇಲ್ಲ. ನಾನು ಜೇಬಿನಿಂದ ಹಣ ತೆಗೆದು ಕೊಟ್ಟೆ. ಆಕೆ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು, ಬೈಯಲಿಲ್ಲ. "ದುಡ್ಡು ಕೊಟ್ರೆ ಕುಡ್ಲು ಬತ್ತದೆ ಮೇಷ್ಟ್ರೇ. ಕೈಗೆ ಹೊಂದ್ಕೊಳ್ಳೋಕೆ ಒಂದು ಸುಗ್ಗಿ ಬೇಕು" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು.

ಕುಲುಮೆಯ ಮುಂದೆ ಬೆಳೆದ ನನಗೆ ಆ ಮಾತಿನ ಅರ್ಥ ವಿವರಿಸಬೇಕಾಗಿರಲಿಲ್ಲ. ಚಿತ್ರದ ಕುಡುಗೋಲನ್ನು ಇಪ್ಪತ್ತು ವರ್ಷ ಪ್ರೀತಿಸಿದವನು, ನಿಜವಾದ ಕುಡುಗೋಲು ಎದುರಿಗೆ ಬಂದಾಗ ಅದನ್ನು ಹೊರಗೆ ಇರಿಸಿದ್ದೆ. ಅದೂ ಯಾವ ಮೇಲಧಿಕಾರಿಯ ಆಜ್ಞೆಯಿಂದಲೂ ಅಲ್ಲ, ನನ್ನ ಮೇಲೆ ಮಾತು ಬಾರದಿರಲಿ ಎಂಬ ಒಂದೇ ಕಾರಣಕ್ಕೆ.

ಆ ಮೇಲೆ ನಾನು ಸೋವಿಯತ್ ಚರಿತ್ರೆಯನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಸೋವಿಯತ್ ಒಕ್ಕೂಟದ ಲಾಂಛನದಲ್ಲಿ ಭೂಗೋಲದ ಮೇಲೆ ಕುಡುಗೋಲು ಸುತ್ತಿಗೆ, ಅದರ ಎರಡೂ ಬದಿಗೆ ಕೆಂಪು ಪಟ್ಟಿ ಸುತ್ತಿದ ಗೋಧಿಯ ತೆನೆಗಳು. ಆ ಲಾಂಛನವನ್ನು ಒತ್ತಿದ ಸರಕಾರವೇ 1932ರ ಆಗಸ್ಟ್ 7ರಂದು ಒಂದು ಶಾಸನ ಮಾಡಿತು. ಸಾಮೂಹಿಕ ಹೊಲಗಳ ಧಾನ್ಯ ರಾಜ್ಯದ ಸ್ವತ್ತು. ಅದನ್ನು ಕದ್ದವರಿಗೆ ಮರಣದಂಡನೆ, ವಿನಾಯಿತಿ ತೋರಿದರೆ ಹತ್ತು ವರ್ಷ ಸೆರೆ. ಕೊಯಿಲಾದ ಹೊಲದಲ್ಲಿ ಉದುರಿದ ತೆನೆ ಆಯ್ದ ರೈತರೂ ಇದರ ಕೆಳಗೆ ಸಿಕ್ಕಿಬಿದ್ದರು. ಜನರು ಅದನ್ನು ತೆನೆಗಳ ಕಾನೂನು ಎಂದೇ ಕರೆದರು. ನಮ್ಮ ಕಡೆ ಕೊಯಿಲಾದ ಗದ್ದೆಯಲ್ಲಿ ಹಕ್ಕಲು ಆಯುವುದು ಬಡವರ ಹಕ್ಕು. ಎಂಥ ಜಿಪುಣ ಗೌಡನೂ ಅದನ್ನು ತಡೆಯುತ್ತಿರಲಿಲ್ಲ. ಆ ಶಾಸನ ಬಂದ ಚಳಿಗಾಲದಲ್ಲಿ ಮತ್ತು ಮರುವರ್ಷ, ಉಕ್ರೇನ್ ಮೊದಲಾದ ಪ್ರಾಂತಗಳಲ್ಲಿ, ಸರಕಾರ ರೈತರ ಧಾನ್ಯವನ್ನು ಒತ್ತಾಯದಿಂದ ಎಳೆದುಕೊಂಡದ್ದರಿಂದ ಹಲವು ದಶಲಕ್ಷ ಜನ ಹಸಿವಿನಿಂದ ಸತ್ತರು. ಸತ್ತವರಲ್ಲಿ ಬಹುಪಾಲು ಕುಡುಗೋಲು ಹಿಡಿದವರೇ. ನನ್ನ ಪುಸ್ತಕದ ರಟ್ಟಿನ ಮೇಲಿದ್ದ ಉಕ್ಕಿನ ಹೆಣ್ಣು ಪ್ಯಾರಿಸ್ಸಿನಲ್ಲಿ ಕುಡುಗೋಲು ಎತ್ತಿ ನಿಂತದ್ದು ಇದಾದ ನಾಲ್ಕು ವರ್ಷಕ್ಕೆ.

ಈಗ ನನ್ನ ವಿದ್ಯಾರ್ಥಿಯ ಪತ್ರದಲ್ಲಿರುವ 1941ಕ್ಕೆ ಬರುತ್ತೇನೆ. ಲಿಥುವೇನಿಯಾವನ್ನು ಸೋವಿಯತ್ ಒಕ್ಕೂಟ 1940ರಲ್ಲಿ ಆಕ್ರಮಿಸಿ ತನ್ನೊಳಗೆ ಸೇರಿಸಿಕೊಂಡಿತು. 1941ರ ಜೂನ್ 14ರಿಂದ ಕೆಲವೇ ದಿನಗಳಲ್ಲಿ ಆ ಪುಟ್ಟ ದೇಶದಿಂದ ಸುಮಾರು 17,000 ಜನರನ್ನು ರೈಲುಗಳಿಗೆ ತುಂಬಿ ಕಳುಹಿಸಿದರು. ಎಷ್ಟೋ ಕುಟುಂಬಗಳ ಗಂಡಸರನ್ನು ಬೇರ್ಪಡಿಸಿ ಶಿಬಿರಗಳಿಗೆ, ಹೆಂಗಸರು ಮಕ್ಕಳನ್ನು ಸೈಬೀರಿಯಾಕ್ಕೆ. ಆ ಅಜ್ಜಿ ಅವರಲ್ಲಿ ಒಬ್ಬಳು.

ಅದೇ 1941ರ ಮಾರ್ಚಿನಲ್ಲಿ, ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಾಸರಗೋಡು ತಾಲ್ಲೂಕಿನ ಕಯ್ಯೂರಿನಲ್ಲಿ, ಜಮೀನುದಾರರ ಮತ್ತು ಬ್ರಿಟಿಷ್ ಪೊಲೀಸರ ದಬ್ಬಾಳಿಕೆಗೆ ಎದುರಾಗಿ ರೈತರು ಕೆಂಬಾವುಟ ಹಿಡಿದು ಹೊರಟಿದ್ದರು. ಮಾರ್ಚ್ 28ರಂದು ಮೆರವಣಿಗೆಗೆ ಸಿಕ್ಕಿದ ಪೊಲೀಸನೊಬ್ಬ ಹೊಳೆಗೆ ಬಿದ್ದು ಸತ್ತನು. ಅದಕ್ಕಾಗಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಮ್ಮ ನಿರಂಜನರು 1955ರಲ್ಲಿ ಪ್ರಕಟಿಸಿದ 'ಚಿರಸ್ಮರಣೆ' ಕಾದಂಬರಿಯ ವಸ್ತು ಇದೇ. ನಾನು ಅದನ್ನು ಎಷ್ಟು ಮಕ್ಕಳ ಕೈಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಒಂದೇ ವರ್ಷ, ಒಂದೇ ಕೆಂಬಾವುಟ. ಒಂದು ಕಡೆ ಅದನ್ನು ಹಿಡಿದವರು ಗಲ್ಲಿಗೆ ಹೋದರು. ಇನ್ನೊಂದು ಕಡೆ ಅದನ್ನು ಹಿಡಿದವರು ಆರು ವರ್ಷದ ಮಗುವನ್ನು ರೈಲುಡಬ್ಬಿಗೆ ತುಂಬಿದರು. ಅಷ್ಟಕ್ಕೇ ಮುಗಿಯುವುದಿಲ್ಲ. 1945ರ ಜನವರಿ 27ರಂದು ಔಷ್ವಿಟ್ಸ್‌ನ ನರಕದ ಬಾಗಿಲನ್ನು ತೆರೆದ ಸೈನಿಕರ ಟೋಪಿಯ ಮೇಲೆ ಇದ್ದದ್ದೂ ಅದೇ ನಕ್ಷತ್ರ, ಅದೇ ಕುಡುಗೋಲು ಸುತ್ತಿಗೆ. ಆ ದಿನ ಅಲ್ಲಿ ಬದುಕಿ ಉಳಿದಿದ್ದವರಿಗೆ ಆ ಗುರುತು ಹೇಗೆ ಕಂಡಿರಬೇಕು! ಇವುಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಲು ಸಾಧ್ಯವಿಲ್ಲ. ನಾನು ತರಗತಿಯಲ್ಲಿ ಮಾಡಿದ್ದು ಅದನ್ನೇ. ಕಯ್ಯೂರನ್ನು ಹೇಳಿದೆ, ತೆನೆಗಳ ಕಾನೂನನ್ನು ಬಿಟ್ಟೆ. ಮೊದಮೊದಲು ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಪಠ್ಯದಲ್ಲಿಲ್ಲ ಎಂಬ ನೆಪ ಇತ್ತು.

'ಲಾಂಛನ' ಎಂಬ ಶಬ್ದವನ್ನೇ ನೋಡಿ. ನಿಘಂಟಿನಲ್ಲಿ ಅದಕ್ಕೆ ಗುರುತು ಎಂಬ ಅರ್ಥವೂ ಇದೆ, ಕಳಂಕ ಎಂಬ ಅರ್ಥವೂ ಇದೆ. ಚಂದ್ರನನ್ನು ನಮ್ಮ ಕವಿಗಳು ಶಶಲಾಂಛನ ಎಂದು ಕರೆದರು. ಒಬ್ಬರ ಕಣ್ಣಿಗೆ ಮೊಲ, ಇನ್ನೊಬ್ಬರ ಕಣ್ಣಿಗೆ ಕಲೆ. ಲಾಂಛನ ಧರಿಸಿದ ಮಾತ್ರಕ್ಕೆ ಯಾರೂ ಜಂಗಮರಾಗುವುದಿಲ್ಲವೆಂಬ ಎಚ್ಚರ 12ನೆಯ ಶತಮಾನದ ನಮ್ಮ ಶರಣರಿಗೂ ಇತ್ತು.

1991ರ ಡಿಸೆಂಬರ್ 25ರ ರಾತ್ರಿ ಕ್ರೆಮ್ಲಿನ್ನಿನ ಮೇಲಿಂದ ಆ ಬಾವುಟವನ್ನು ಇಳಿಸಿದರು. ನಮ್ಮ ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಏಳೆಂಟು ವರ್ಷ ಉಳಿದಿತ್ತು, ಹೊಸ ಭೂಪಟಕ್ಕೆ ಹಣವಿರಲಿಲ್ಲ. ಲಿಥುವೇನಿಯಾ 2008ರಲ್ಲಿ ನಾಜಿ ಚಿಹ್ನೆಗಳ ಜೊತೆಗೆ ಸೋವಿಯತ್ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನೂ ನಿಷೇಧಿಸಿತು. ಉಕ್ರೇನ್ 2015ರಲ್ಲಿ ಅಂಥದೇ ಕಾನೂನು ಮಾಡಿತು. ಕೀವ್ ನಗರದ ಎತ್ತರದ ಮಾತೃಭೂಮಿ ಪ್ರತಿಮೆಯ ಗುರಾಣಿಯಿಂದ ಕುಡುಗೋಲು ಸುತ್ತಿಗೆಯನ್ನು 2023ರ ಆಗಸ್ಟಿನಲ್ಲಿ ಕತ್ತರಿಸಿ ತೆಗೆದು ಅಲ್ಲಿ ತಮ್ಮ ತ್ರಿಶೂಲವನ್ನು ಕೂರಿಸಿದರು. ಇತ್ತ ರಷ್ಯಾದ ಏರೋಫ್ಲೋಟ್ ವಿಮಾನಗಳ ಗುರುತಿನಲ್ಲಿ ಅದು ರೆಕ್ಕೆ ಬಿಚ್ಚಿಕೊಂಡು ಇಂದಿಗೂ ಹಾರಾಡುತ್ತಿದೆ. ಬರ್ಲಿನ್ನಿನಲ್ಲಿ ಟೋಪಿಯ ಮೇಲೆ ಮಾರಾಟಕ್ಕಿದೆ. ನಮ್ಮಲ್ಲಿ, 2023ರಲ್ಲಿ ರಾಷ್ಟ್ರೀಯ ಪಕ್ಷವೆಂಬ ಮಾನ್ಯತೆ ಕಳೆದುಕೊಂಡ ಮೇಲೂ ಹಳೆಯ ಪಕ್ಷ ತೆನೆ ಕುಡುಗೋಲನ್ನು ಬಿಟ್ಟಿಲ್ಲ.

ಮಗೂ, ಈಗ ನಿನ್ನ ಪ್ರಶ್ನೆಗೆ ಉತ್ತರ. ನಾನು ಹೇಳಿದ್ದು ಸುಳ್ಳಲ್ಲ, ಅರ್ಧ. ಅದು ದುಡಿಯುವವರ ಗುರುತೆಂದೇ ಹುಟ್ಟಿತು. ಆ ಹೆಸರಿನಲ್ಲಿ ಪ್ರಾಣ ಕೊಟ್ಟ ಬಡವರು ನಿಜ. ಆ ಹೆಸರಿನಲ್ಲಿಯೇ ದುಡಿಯುವವರ ಬಾಯಿಯ ತುತ್ತು ಕಿತ್ತುಕೊಂಡದ್ದೂ ನಿಜ. ಉಳಿದ ಅರ್ಧವನ್ನು ನಿನಗೆ ಹೇಳಬೇಕಾದವನು ನಾನು. ಅದನ್ನು ಆ ಹೆಣ್ಣುಮಗಳು ನೋವಿನಿಂದ ಹೇಳಬೇಕಾಗಿ ಬಂದದ್ದಕ್ಕೆ ನನಗೆ ವಿಷಾದವಿದೆ.

ಆ ಟೋಪಿಯನ್ನು ಇನ್ನು ಹಾಕಿಕೊಳ್ಳಬೇಡ. ಕಾನೂನಿಗೆ ಹೆದರಿ ಅಲ್ಲ. ಹೆದರಿಕೆಯಿಂದ ಮಾಡಿದ್ದು ಎಂಥ ಫಲ ಕೊಡುತ್ತದೆಂದು ನಿನ್ನ ಮೇಷ್ಟ್ರಿಗೆ ಗೊತ್ತು. ಎದುರಿಗೆ ಕುಳಿತವರ ಅಜ್ಜಿಯ ನೆನಪಿಗೆ ಗೌರವವಾಗಿ ಅದನ್ನು ಪೆಟ್ಟಿಗೆಯಲ್ಲಿಡು. ಅವರಿಗೆ ನಮ್ಮ ಕಯ್ಯೂರಿನ ಕಥೆಯನ್ನೂ ಹೇಳು, ಆದರೆ ಅವರ ಕಥೆಯನ್ನು ಪೂರ್ತಿಯಾಗಿ ಕೇಳಿದ ಮೇಲೆ. ಊರಿಗೆ ಬಂದಾಗ ಮನೆಗೆ ಬಾ. ನಮ್ಮ ತಂದೆಯ ಕಾಲದ ಒಂದು ಕುಡುಗೋಲು ಅಟ್ಟದ ಮೇಲಿದೆ, ಹಿಡಿ ಸವೆದು ಅವರ ಬೆರಳುಗಳ ಗುರುತು ಮೂಡಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಜಗಲಿಯ ಮೇಲಿಂದ ಕಾಣೆಯಾದ ಇನ್ನೊಂದರ ನೆನಪಾಗುತ್ತದೆ. ಆ ಅಜ್ಜಿಯ ಹೆಸರು ಅಂದಿನ ಮತದಾರರ ಪಟ್ಟಿಯಲ್ಲಿತ್ತು. ನಾನೇ ಅದರ ಮುಂದೆ ಗೆರೆ ಎಳೆದಿದ್ದೆ. ಈಗ ಎಷ್ಟು ಯೋಚಿಸಿದರೂ ಆ ಹೆಸರು ನೆನಪಿಗೆ ಬರುತ್ತಿಲ್ಲ.